ಹರಗೋಲು ಬೋರಲಾದ ದಿನ

ರಾತ್ರಿ ಮಳೆ ಬಿದ್ದಿತೆಂದರೆ ದುರಗವ್ವನ ಬೆಳಗಿನ ಮೊದಲ ಕೆಲಸ ಇದೇ. ಒಲೆ ಹೊತ್ತಿಸುವುದಕ್ಕಿಂತ, ಆಡು ಬಿಚ್ಚುವುದಕ್ಕಿಂತ ಮೊದಲು ಒಂದು ಸೊಟ್ಟ ಬೋಗುಣಿ ಹಿಡಿದು ಹೊಳೆಯ ದಂಡೆಗೆ ಇಳಿಯುವುದು. ಅಲ್ಲಿ ಜಾಲಿ ಗಿಡದ ಬುಡದಲ್ಲಿ ಅವಳ ಗಂಡ ಚಂದಪ್ಪನ ಹರಗೋಲು ಬಾಯಿ ಮೇಲೆ ಮಾಡಿಕೊಂಡು ಕೂತಿರುತ್ತಿತ್ತು. ಅದರ ಹೊಟ್ಟೆಯಲ್ಲಿ ನಿಂತ ಮಳೆನೀರನ್ನು ಬೋಗುಣಿಯಿಂದ ತೋಡಿ ತೋಡಿ ಚೆಲ್ಲಿ, ಸೆರಗಿನಿಂದ ಅಂಚು ಒರೆಸಿ ಅವಳು ಮನೆಗೆ ತಿರುಗುತ್ತಿದ್ದಳು. ಊರಿನವರು ನೋಡುತ್ತಿದ್ದರು. ನೋಡಿ ಬಾಯಿ ಮುಚ್ಚಿಕೊಂಡಿರುವ ಊರು ಅದಲ್ಲ. ಆದರೂ ಈ ಒಂದು ವಿಷಯದಲ್ಲಿ ಅವಳ ಎದುರಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಹರಗೋಲು ಕಾಣದವರೂ ಇದ್ದಾರು, ಹೇಳಿಬಿಡುತ್ತೇನೆ. ಬಿದಿರು ಸೀಳಿ ಹೆಣೆದ, ಇಬ್ಬರು ಮೂವರು ಕೂರುವಷ್ಟು ಅಗಲದ ದುಂಡನೆಯ ಬುಟ್ಟಿ ಅದು. ಹೊರಮೈಗೆ ಹಿಂದೆ ಎಮ್ಮೆಯ ಚರ್ಮ ಹೊದಿಸುತ್ತಿದ್ದರು, ಈಗ ತಾಡಪತ್ರಿ ಹೊದಿಸಿ ಡಾಂಬರು ಬಳಿಯುತ್ತಾರೆ. ಗಟ್ಟಿ ಆಳಾದರೆ ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯಬಹುದು. ಚಂದಪ್ಪ ಹಾಗೆ ಹೊತ್ತು ಬಂದರೆ ಛತ್ರಿಗೆ ಕಾಲು ಬಂದಿವೆ ಎಂದು ಓಣಿಯ ಮಕ್ಕಳು ನಗುತ್ತಿದ್ದರು. ಬಾದಾಮಿಯ ಗುಡ್ಡಗಳು ಒಂದು ಕಡೆ, ಮಲಪ್ರಭೆ ಇನ್ನೊಂದು ಕಡೆ. ನಡುವೆ ಸಿಕ್ಕಿಕೊಂಡ ಆ ಊರಿಗೆ ಸೇತುವೆ ಬರುವ ತನಕ ಹೊರಗಿನ ಲೋಕವೆಂದರೆ ಈ ಬುಟ್ಟಿಯೇ ಆಗಿತ್ತು.

ಹೋದ ವರ್ಷ ಶ್ರಾವಣದಲ್ಲಿ ಹೊಳೆ ದಂಡೆ ಮೀರಿ ಬಂತು. ಹಾಕಿದ ಬಲೆ ಹೋದೀತು, ತೆಗೆದುಕೊಂಡು ಬರುತ್ತೇನೆ ಎಂದು ಚಂದಪ್ಪ ಹರಗೋಲು ಇಳಿಸಿದ. ಹರಗೋಲು ಮಾತ್ರ ಸಿಕ್ಕಿತು. ಎಲ್ಲಿಯೋ ಹುನಗುಂದದ ಕಡೆ ಹೊಳೆಯೊಳಗಿನ ಜಾಲಿ ಕೊಂಬೆಗೆ ಸಿಕ್ಕು, ಬಾಯಿ ಮೇಲೆ ಮಾಡಿಕೊಂಡೇ ನಿಂತಿತ್ತು, ಹುಟ್ಟು ಸಹ ಒಳಗೇ ಇತ್ತು. ಅದನ್ನು ಚಂದಪ್ಪನ ತಮ್ಮ ಧರ್ಮರಾಜ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಹಳೆಯ ಜಾಗದಲ್ಲಿ ಇಳಿಸಿದ. ಚಂದಪ್ಪ ಸಿಗಲಿಲ್ಲ. ಪೊಲೀಸರು ಹುಡುಕಿದರು, ಅಂಬಿಗರು ಹುಡುಕಿದರು, ಆಚೆ ದಂಡೆಯ ಅಂಬಿಗ ರಾಜಮಹ್ಮದ ಎಲ್ಲರೂ ಬಿಟ್ಟ ಮೇಲೂ ಹುಡುಕಿದ. ಆಮೇಲೆ ಹೊಳೆ ಇಳಿಯಿತು, ಜೋಳ ಬಿತ್ತಿದರು, ಲೋಕ ಎಂದಿನಂತೆ ನಡೆಯಿತು.

ಅಂಬಿಗರಿಗೆ ತಮ್ಮದೇ ಒಂದು ಕಟ್ಟಳೆ ಇದೆ. ಹರಗೋಲನ್ನು ನೆಲದ ಮೇಲೆ ಎಂದೂ ಪೂರ್ತಿ ಬೋರಲು ಹಾಕಬಾರದು. ಡಾಂಬರು ಬಳಿಯುವಾಗಲೂ ಕಲ್ಲಿಗೆ ಆನಿಸಿ, ಒಂದು ಅಂಚು ಎತ್ತಿಯೇ ಇಡಬೇಕು. ನಡೆಸುವವನು ಸತ್ತರೆ ಮಾತ್ರ ಅವನ ಮನೆಯವಳು ಅದನ್ನು ದಂಡೆಯ ಮೇಲೆ ನಾಲ್ಕೂ ಕಡೆ ನೆಲಕ್ಕೆ ತಾಗುವ ಹಾಗೆ ಬೋರಲು ಹಾಕುತ್ತಾಳೆ. ಅದು ಆಚೆ ದಂಡೆಗೆ ಕಾಣುತ್ತದೆ. ಕಂಡ ಕೂಡಲೇ ಆಚೆ ದಂಡೆಯ ಅಂಬಿಗನ ಮನೆಯಲ್ಲಿ ಒಲೆ ಹೊತ್ತುತ್ತದೆ, ಸತ್ತವರ ಮನೆಗೆ ಅಡುಗೆ ಬರುತ್ತದೆ. ಉಣ್ಣುವ ಮೊದಲು ಹೆಂಡತಿ ನೀರಿನ ಅಂಚಿಗೆ ನಿಂತು ಗಂಡನನ್ನು ಒಮ್ಮೆ ಕೂಗಿ ಕರೆಯಬೇಕು. ಅವನ ಬದಲು ಆಚೆ ದಂಡೆಯವನು, ಬರುವುದಿಲ್ಲ ಎಂದು ಉತ್ತರ ಕೊಡಬೇಕು. ಅಲ್ಲಿಗೆ ಸತ್ತವನು ಸತ್ತ ಹಾಗೆ. ಸೂತಕ ಅಲ್ಲಿಂದ ಶುರು. ಇಷ್ಟನ್ನೂ ಅಂಬಿಗರು ಬಾಯಿ ಬಿಟ್ಟು ಹೇಳುವುದಿಲ್ಲ. ಹೊಳೆಯ ಮೇಲೆ ಬದುಕುವವರು ಮಗುಚುವ ಮಾತು ಆಡುತ್ತಾರೆಯೇ? ಹೊಳೆ ಕೆಲಸ ಅನ್ನುತ್ತಾರೆ, ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ದುರಗವ್ವ ಆ ಕೆಲಸ ಮಾಡಿರಲಿಲ್ಲ. ವರ್ಷ ದಾಟಿತು, ಇನ್ನೊಂದು ಮಳೆಗಾಲ ಮುಗಿಯುತ್ತ ಬಂತು, ಹರಗೋಲು ಬಾಯಿ ಮೇಲೆ ಮಾಡಿಕೊಂಡೇ ಇತ್ತು.

ಇದರಿಂದ ಪೇಚಿಗೆ ಸಿಕ್ಕವನು ಧರ್ಮರಾಜ. ಅವನ ಮಗಳು ನೇತ್ರಾಳಿಗೆ ಇಳಕಲ್ಲಿನ ಒಂದು ಒಳ್ಳೆಯ ಸಂಬಂಧ ಗೊತ್ತಾಗಿತ್ತು. ಹುಡುಗ ಕಲ್ಲಿನ ಕಾರ್ಖಾನೆಯಲ್ಲಿ ಮಷಿನ್ ನೋಡಿಕೊಳ್ಳುತ್ತಿದ್ದ. ದೀಪಾವಳಿ ಕಳೆದ ಮೇಲೆ ಮದುವೆ ಮಾಡೋಣ ಎಂದು ಅವರು ಹೇಳಿ ಕಳಿಸಿದರೆ, ಹಿರಿಯರು ಅಡ್ಡ ಬಂದರು. ಮನೆತನದಲ್ಲಿ ಒಂದು ಸಾವು ಹಾಗೇ ಬಾಯಿ ತೆರೆದು ಕೂತಿರುವಾಗ ಮದುವೆಯ ಹಂದರ ಹಾಕುವುದು ಹೇಗೆ? ಸೂತಕ ಹಿಡಿದಿದ್ದರೆ ಬಿಡುತ್ತಿತ್ತು. ಹಿಡಿದೇ ಇಲ್ಲ, ಬಿಡುವುದೆಲ್ಲಿಂದ? ತರ್ಕವೇನೋ ಸರಿಯಾಗಿಯೇ ಇತ್ತು. ಧರ್ಮರಾಜ ಒಳ್ಳೆಯವನು, ಅತ್ತಿಗೆಯ ಮುಂದೆ ಜೋರು ಮಾಡುವವನಲ್ಲ. ವಾರಕ್ಕೊಮ್ಮೆ ಬಂದು, ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಏಳುವಾಗ ಹೊಳೆ ಕೆಲಸದ ಮಾತು ತೆಗೆಯುತ್ತಿದ್ದ. ದುರಗವ್ವ ನೋಡೋಣ ಅನ್ನುತ್ತಿದ್ದಳು. ಅವನು ಹೋಗುತ್ತಿದ್ದ.

ಗಂಡ ಬದುಕಿದ್ದಾನೆ, ಇಂದೋ ನಾಳೆಯೋ ಬರುತ್ತಾನೆ ಎಂದು ಅವಳು ಕಾದು ಕೂತಿದ್ದಾಳೆ ಎಂದು ಊರು ತಿಳಿದಿತ್ತು. ಹೆಂಗಸರು ಅದಕ್ಕಾಗಿ ಮರುಗುತ್ತಿದ್ದರು. ಹಾಗೇನೂ ಇರಲಿಲ್ಲ. ಅವನು ಬರುವುದಿಲ್ಲ ಎನ್ನುವುದು ಅವಳಿಗೆ ಹರಗೋಲು ಟ್ರ್ಯಾಕ್ಟರಿನಿಂದ ಇಳಿದ ದಿನವೇ ಗೊತ್ತಾಗಿತ್ತು. ಅವಳ ಹೆದರಿಕೆ ಬೇರೆ. ಅಂದಿನಿಂದ ಅವಳೊಳಗೆ ಏನೂ ಇರಲಿಲ್ಲ. ದುಃಖವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಹರಗೋಲು ಬೋರಲು ಹಾಕಿದರೆ ಎರಡೂ ದಂಡೆಯ ಮಂದಿ ಬಂದು ಕೂರುತ್ತಾರೆ, ಹೆಂಗಸರು ಎದೆ ಬಡಿದುಕೊಂಡು ಅಳುತ್ತಾರೆ, ಎಲ್ಲರ ಕಣ್ಣೂ ಅವಳ ಮುಖದ ಮೇಲೆ. ಆಗಲೂ ಅಳು ಬಾರದಿದ್ದರೆ? ಇಷ್ಟು ವರ್ಷ ಒಗೆತನ ಮಾಡಿದ ಗಂಡನಿಗೆ ಒಂದು ಹನಿ ಇಲ್ಲವೆಂದು ಊರಿಗೆಲ್ಲ ಕಾಣುತ್ತದೆ. ಊರು ಹೋಗಲಿ, ತನಗೇ ಕಾಣುತ್ತದೆ. ಆ ಕೆಲಸ ಮಾಡದೆ ಇರುವವರೆಗೂ ಅಳದಿರುವುದಕ್ಕೆ ಒಂದು ನೆಪವಿತ್ತು.

ಒಮ್ಮೆ ಹೀಗಾಯಿತು. ಕೆಳಗಿನ ಹೊಳೆಯಲ್ಲಿ ಒಂದು ಹೆಣ ಸಿಕ್ಕಿದೆ, ಬಂದು ಗುರುತು ಹಿಡಿಯಿರಿ ಎಂದು ಪೊಲೀಸರು ಕರೆಸಿದ್ದರು. ಧರ್ಮರಾಜನ ಜೊತೆ ಬಸ್ಸಿನಲ್ಲಿ ಹೋದಳು. ದವಾಖಾನೆಯ ಹಿಂದಿನ ಕೋಣೆಯಲ್ಲಿ ಅರಿವೆ ಸರಿಸಿದರು. ಅವಳು ನೋಡಿದಳು, ಕಾಲಿನ ಬೆರಳು ನೋಡಿದಳು, ಇವರಲ್ಲ ಎಂದಳು. ಹೊರಗೆ ಬಂದ ಮೇಲೆ ಧರ್ಮರಾಜ ಗೋಡೆಗೆ ಆತು ಕೂತು ಅಳುತ್ತಿದ್ದ. ದುರಗವ್ವನಿಗೆ ಹಸಿವಾಗಿತ್ತು. ಬಸ್ ಸ್ಟ್ಯಾಂಡಿನ ಎದುರು ಒಂದು ಪ್ಲೇಟು ಚುರುಮುರಿ, ಎರಡು ಮಿರ್ಚಿ ತಿಂದಳು. ತಿನ್ನುತ್ತ ತಿನ್ನುತ್ತ, ಇಂಥವಳು ಎಲ್ಲಿಯಾದರೂ ಉಂಟೇ ಎಂದು ತನ್ನನ್ನೇ ಕೇಳಿಕೊಂಡಳು. ಕೇಳಿಕೊಂಡದ್ದಕ್ಕೂ ಒಳಗೆ ಏನೂ ಆಗಲಿಲ್ಲ.

ದಸರೆಯ ರಜೆಗೆ ಮಗಳು ವಿದ್ಯಾ ಬಂದಳು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದ ಹುಡುಗಿ. ಐದನೆಯ ಇಯತ್ತೆಯಿಂದ ಅವಳಿಗೆ ಹಾಸ್ಟೆಲಿನ ಅನ್ನವೇ. ಹೊಳೆ, ಹರಗೋಲು ಎಲ್ಲ ರಜೆಯ ಸಾಮಾನು. ಈ ಸಲ ಕಾಲೇಜಿನಲ್ಲಿ ಒಂದು ಕೆಲಸ ಹಚ್ಚಿದ್ದರಂತೆ, ತಮ್ಮ ತಮ್ಮ ಊರಿನ ಹಳೆಯ ದುಡಿಮೆ, ಬದುಕು ಹೇಗಿತ್ತು ಎಂದು ಹಿರಿಯರನ್ನು ಕೇಳಿ ಬರೆಯಬೇಕಂತೆ. ಉಳಿದ ಹುಡುಗಿಯರು ನೇಕಾರಿಕೆ, ಕುರಿ ಎಂದು ಆರಿಸಿಕೊಂಡರೆ ಇವಳು ಹೊಳೆ ಆರಿಸಿಕೊಂಡಿದ್ದಳು. ಅಪ್ಪನ ಬಗ್ಗೆ ನೇರವಾಗಿ ಕೇಳುವುದಕ್ಕೆ ಅವಳಿಗೂ ಬಾಯಿ ಬರುತ್ತಿರಲಿಲ್ಲ. ಹೊಳೆಯ ನೆಪದಲ್ಲಿ ಕೇಳಿದಳು ಎಂದು ನನಗನ್ನಿಸುತ್ತದೆ. ಮೊಬೈಲನ್ನು ಬೀಸುವ ಕಲ್ಲಿನ ಮೇಲೆ ಇಟ್ಟು, ಹೇಳು ಯವ್ವಾ ಎಂದು ಎದುರು ಕೂತಳು.

ದುರಗವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು. ದನಿ ಏರದೆ, ಇಳಿಯದೆ, ಬೇರೆ ಯಾರದೋ ಊರಿನ ಸುದ್ದಿ ಹೇಳಿದ ಹಾಗೆ. ಬೇಸಿಗೆಯಲ್ಲಿ ಗಂಡಸರು ಬಿದಿರಿಗಾಗಿ ದೂರದ ಅಡವಿಗೆ ಹೋಗಿ ದಿನಗಟ್ಟಲೆ ಅಲ್ಲೇ ಉಳಿಯುತ್ತಿದ್ದದ್ದು, ಗಾರ್ಡ್ ಹಿಡಿದರೆ ಒಣ ಮೀನು ಕೊಟ್ಟು ಬಿಡಿಸಿಕೊಂಡು ಬರುತ್ತಿದ್ದದ್ದು. ಈ ದಂಡೆಗೆ ಇವರ ಮನೆ, ಆ ದಂಡೆಗೆ ರಾಜಮಹ್ಮದನ ಮನೆ. ಹೋಗುವ ಮಂದಿಯನ್ನು ಇವರು, ಬರುವ ಮಂದಿಯನ್ನು ಅವರು ದಾಟಿಸುತ್ತಿದ್ದದ್ದು. ಸುಗ್ಗಿಯಲ್ಲಿ ಊರಿನವರು ಕಣದಲ್ಲಿ ಕೊಡುವ ಜೋಳವನ್ನು ಎರಡೂ ಮನೆಯವರು ಅಳತೆ ನೋಡದೆ ಹಂಚಿಕೊಳ್ಳುತ್ತಿದ್ದದ್ದು. ಗುಡ್ಡದ ಸೀತಾಫಲದ ಬುಟ್ಟಿಗಳು, ಕುರಿಮರಿಗಳು, ಸಾಲೆಯ ಮಾಸ್ತರರು, ಮತದ ಪೆಟ್ಟಿಗೆ ಕಾಯುತ್ತ ಹೆದರಿ ಕಣ್ಣು ಮುಚ್ಚಿಕೊಂಡ ಪೊಲೀಸ, ಹೆರಿಗೆ ನೋವಿನ ಹೆಂಗಸರು, ಎಲ್ಲರೂ ಅದೇ ಬುಟ್ಟಿಯಲ್ಲಿ ದಾಟಿದವರು. ದಾಟಬೇಕಾದವರು ಆಚೆ ನಿಂತು ಕೈ ಬಾಯಿಗೆ ಹಿಡಿದು, ಹರಗೋಲ ತಾ ಎಂದು ಕೂಗುತ್ತಿದ್ದರು. ದನಿ ಕೇಳಿಯೇ ಯಾವ ಮನೆಯವರೆಂದು ಅಂಬಿಗರಿಗೆ ತಿಳಿಯುತ್ತಿತ್ತು.

ಸೇತುವೆ ಆದ ದಿನದ ಸಂಗತಿಯನ್ನೂ ಹೇಳಿದಳು. ದೊಡ್ಡವರು ಬಂದು ರಿಬ್ಬನ್ ಕತ್ತರಿಸಿದರು. ಎರಡೂ ದಂಡೆಯ ಅಂಬಿಗರಿಗೆ ಶಾಲು ಹೊದಿಸಿ, ನೀವು ಇಷ್ಟು ದಿನ ಸೇವೆ ಮಾಡಿದಿರಿ ಎಂದರು. ಮರುದಿನದಿಂದ ಕೂಗು ನಿಂತಿತು. ನಿಂತದ್ದು ಒಳ್ಳೆಯದಕ್ಕೇ, ಅದರಲ್ಲಿ ಎರಡು ಮಾತಿಲ್ಲ, ದವಾಖಾನೆಯ ಗಾಡಿ ಮನೆಯ ಬಾಗಿಲಿಗೆ ಬರತೊಡಗಿತು. ಆದರೆ ವಿದ್ಯಾನ ಅಪ್ಪ ನಾಲ್ಕಾರು ತಿಂಗಳು ಬೆಳಿಗ್ಗೆ ಎದ್ದವನೇ ದಂಡೆಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದ. ಆಮೇಲೆ ಬಲೆ ಹಿಡಿದ.

ವಿದ್ಯಾ ಎಲ್ಲ ಕೇಳಿ, ಕೊನೆಗೆ ಅಂಬಿಗರ ಮನೆಗಳಲ್ಲಿ ಹುಟ್ಟು, ಮದುವೆ, ಸಾವು ಇವಕ್ಕೆಲ್ಲ ಬೇರೆ ಪದ್ಧತಿ ಏನಾದರೂ ಇವೆಯೇ ಎಂದಳು. ಕಾಲೇಜಿನವರು ಕೊಟ್ಟ ಪ್ರಶ್ನೆಯೇ ಅದು. ದುರಗವ್ವ ತೊಟ್ಟಿಲು ಹರಗೋಲಿನ ಆಕಾರಕ್ಕೆ ಹೆಣೆಯುತ್ತಾರೆ ಎಂದಳು, ಮದುವೆಯಲ್ಲಿ ಹುಟ್ಟಿಗೆ ಅರಿಶಿನ ಹಚ್ಚುತ್ತಾರೆ ಎಂದಳು. ಆಮೇಲೆ ರೊಟ್ಟಿ ಸೀದೀತು ಎಂದು ಒಲೆಯ ಕಡೆ ತಿರುಗಿದಳು. ವಿದ್ಯಾಳ ಅಜ್ಜ ತೀರಿಕೊಂಡಾಗ ಅವಳು ಮೊಲೆಹಾಲಿನ ಕೂಸು. ಆಮೇಲೆ ಓಣಿಯಲ್ಲಿ ಹರಗೋಲು ನಡೆಸುವವರು ಯಾರೂ ಸತ್ತಿರಲಿಲ್ಲ. ಕಾಕ ಧರ್ಮರಾಜ ಆಗಾಗ ಅನ್ನುತ್ತಿದ್ದ ಹೊಳೆ ಕೆಲಸ ಎಂದರೆ ದಂಡೆಯಲ್ಲಿ ಮಾಡುವ ಯಾವುದೋ ಪೂಜೆ ಎಂದೇ ಹುಡುಗಿ ತಿಳಿದಿದ್ದಳು. ಮೊಬೈಲು ಎತ್ತಿಕೊಂಡು ಎದ್ದಳು.

ಎರಡು ದಿನ ಕಳೆದು, ದುರಗವ್ವ ನಸುಕಿನಲ್ಲೇ ಹರಗೋಲಿನ ನೀರು ತೋಡಿ, ನೆರೆಮನೆಯ ಸಿದ್ದವ್ವನ ಜೊತೆ ಗುಡ್ಡ ಹತ್ತಿದಳು. ಸೀತಾಫಲದ ದಿನಗಳು. ಬಾದಾಮಿಯ ಸಂತೆಗೆ ಆ ಗುಡ್ಡದ ಹೆಂಗಸರು ಬುಟ್ಟಿ ಹೊತ್ತು ಹೋಗದೆ ಇದ್ದರೆ ಸಂತೆಗೆ ಕಳೆ ಇಲ್ಲ. ಗಿಡದಲ್ಲಿ ಹಣ್ಣಾಗುವವರೆಗೂ ಬಿಟ್ಟರೆ ಮಂಗಗಳ ಪಾಲು. ಕಾಯಿಯ ಗೀರುಗಳ ನಡುವೆ ಬೆಳ್ಳಗೆ ಬಿರಿದಿದ್ದರೆ ಅದು ಕಣ್ಣು ಬಿಟ್ಟ ಕಾಯಿ, ಅದನ್ನು ಕಿತ್ತು ಹುಲ್ಲಿನಲ್ಲಿ ಮುಚ್ಚಿಟ್ಟರೆ ಹಣ್ಣಾಗುತ್ತದೆ. ಕಣ್ಣು ಬಿಡದ್ದನ್ನು ಕಿತ್ತರೆ ಕಪ್ಪಾಗಿ ಕಲ್ಲಾಗುತ್ತದೆ. ಸಿದ್ದವ್ವ ಬಾಯಿಗೆ ಬಿಡುವಿಲ್ಲದೆ ಸೊಸೆಯ ಸುದ್ದಿ ಹೇಳುತ್ತಿದ್ದಳು. ದುರಗವ್ವ ಹೂಂ ಅನ್ನುತ್ತಿದ್ದಳು. ಹೊತ್ತೇರಿದ ಮೇಲೆ ಒಂದು ಜೋರು ಮಳೆ ಬಂದು ಹೋಯಿತು. ಇಬ್ಬರೂ ಬಂಡೆಯ ಮರೆಯಲ್ಲಿ ನಿಂತು ತಪ್ಪಿಸಿಕೊಂಡರು. ಮಳೆ ನಿಂತು ಬಿಸಿಲು ಬಿದ್ದು, ಕೆಳಗೆ ಹೊಳೆ, ಊರು, ಆಚೆಯ ಹೊಲ ಎಲ್ಲ ತೊಳೆದಿಟ್ಟ ಹಾಗೆ ಕಂಡವು.

ಮೊದಲು ಕಂಡದ್ದು ಸಿದ್ದವ್ವನಿಗೆ. ಅವಳು ಮಾತು ಅಲ್ಲಿಗೇ ಬಿಟ್ಟಳು. ದಂಡೆಯ ಮೇಲೆ ಹರಗೋಲಿನ ಡಾಂಬರಿನ ಬೆನ್ನು ಆಮೆಯ ಚಿಪ್ಪಿನ ಹಾಗೆ ಮೇಲಾಗಿತ್ತು.

"ದುರಗವ್ವಾ, ಹೊಳಿ ಕೆಲಸ ಮುಗಿಸಿ ಬಂದೀಯೇನ? ನನಗ ಒಂದ ಮಾತ ಹೇಳಬಾರದಾ?" ಎಂದಳು.

ದುರಗವ್ವ ನೋಡಿದಳು. ಆಮೇಲೆ ಪಕ್ಕದ ಗಿಡಕ್ಕೆ ಹೋಗಿ ಕಾಯಿ ಕೀಳತೊಡಗಿದಳು. ಬುಟ್ಟಿ ಇನ್ನೂ ಅರ್ಧ ಖಾಲಿ ಇತ್ತು, ಅದನ್ನು ತುಂಬಬೇಕು ಎನ್ನುವುದೊಂದೇ ಅವಳ ತಲೆಯಲ್ಲಿ ಬಂತು. ಸಿಕ್ಕಿದ್ದೆಲ್ಲ ಕಿತ್ತಳು, ಕಣ್ಣು ಬಿಟ್ಟದ್ದು, ಬಿಡದ್ದು, ಎಳೆಯ ಹೀಚು ಎಲ್ಲ. ಸಿದ್ದವ್ವ ಹಿಂದೆ ಹಿಂದೆ ಬಂದು ಹೀಚುಗಳನ್ನು ಆರಿಸಿ ಎಸೆದಳು. ಬುಟ್ಟಿ ತುಂಬಿದ ಮೇಲೆ ಸಿಂಬಿ ಸುತ್ತಿ, ಇಬ್ಬರೂ ಕೆಳಗೆ ಇಳಿದರು.

ವಿದ್ಯಾ ಬಾಗಿಲಲ್ಲೇ ಇದ್ದಳು. ಮೊಣಕೈ ತನಕ ಕೆಸರಾಗಿತ್ತು, ಮುಖ ಮಾತ್ರ ಅರಳಿತ್ತು. ಈ ರಜೆಯಲ್ಲಿ ತಾಯಿಗೆ ಒಂದು ಉಪಕಾರ ಮಾಡಿದೆ ಎನ್ನುವ ಖುಷಿ. ಮಳೆಗೆ ಹರಗೋಲು ಮತ್ತೆ ತುಂಬಿತಂತೆ. ಗುಡ್ಡದಿಂದ ದಣಿದು ಬಂದವಳು ಮತ್ತೆ ಬೋಗುಣಿ ಹಿಡಿಯಬೇಕಲ್ಲ ಎಂದು ಹುಡುಗಿ ತಾನೇ ಹೋಗಿ, ಅಂಚು ಹಿಡಿದು ಎತ್ತಿ, ನೀರೆಲ್ಲ ಚೆಲ್ಲಿ ಬಂದಿದ್ದಳು.

"ಇನ್ನ ದಿನಾ ನೀರ ತೋಡೂದು ಬ್ಯಾಡ ಯವ್ವಾ. ಡಬ್ಬ ಹಾಕಿ ಇಟ್ಟೇನಿ, ಎಷ್ಟ ಮಳಿ ಬಂದ್ರೂ ಅಷ್ಟ."

ಸಿದ್ದವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ದುರಗವ್ವ ಬುಟ್ಟಿ ಇಳಿಸಿ ಮಗಳ ಮುಖ ನೋಡಿದಳು. ಬೈಯಬೇಕೆನಿಸಲಿಲ್ಲ. ಏನೂ ಅನಿಸಲಿಲ್ಲ. ಉಂಡೆಯಾ ಎಂದು ಕೇಳಿದಳು. ಉಂಡೆ ಎಂದಳು ವಿದ್ಯಾ. ದುರಗವ್ವ ದಂಡೆಗೆ ಇಳಿದಳು.

ಹರಗೋಲು ನಾಲ್ಕೂ ಕಡೆ ನೆಲ ಹಿಡಿದು ಮಲಗಿತ್ತು. ಹುಡುಗಿ ಅಚ್ಚುಕಟ್ಟಾಗಿಯೇ ಮಾಡಿದ್ದಳು, ಅಂಚು ಏಳದಂತೆ ಸುತ್ತ ಮಣ್ಣನ್ನೂ ಒತ್ತಿದ್ದಳು. ದುರಗವ್ವ ಅಂಚಿಗೆ ಕೈ ಹಾಕಿದಳು. ಎತ್ತಿಬಿಟ್ಟರಾಯಿತು. ಮಗು ತಿಳಿಯದೆ ಮಾಡಿದ್ದು, ಯಾರು ನೋಡಿದ್ದಾರೆ? ಸಿದ್ದವ್ವನ ಬಾಯಿ ಮುಚ್ಚಿಸುವುದು ಕಷ್ಟ, ಆದರೂ ಆಗದ ಮಾತಲ್ಲ. ಹಾಗೆ ಕೈ ಹಾಕಿ ಬಗ್ಗಿರುವಾಗಲೇ ಊರಿನ ಕಡೆಯಿಂದ ಟಂಟಂ ಆಟೋದ ಹಾರ್ನು ಕೇಳಿಸಿತು.

ನೋಡುವವನು ನೋಡಿಯೇ ಇದ್ದ. ವರ್ಷ ದಾಟಿದರೂ ರಾಜಮಹ್ಮದ ಬೆಳಗಾದರೆ ತನ್ನ ಅಂಗಳದಲ್ಲಿ ಕೂತು ಹಲ್ಲುಜ್ಜುತ್ತ ಈ ದಂಡೆಯ ಹರಗೋಲನ್ನೇ ನೋಡುತ್ತಿದ್ದ. ಸಂತೆಯಲ್ಲಿ ದುರಗವ್ವ ಸಿಕ್ಕರೆ ಆಡು ಹೇಗಿವೆ ಎಂದಷ್ಟೇ ಕೇಳುತ್ತಿದ್ದ. ಅದಕ್ಕಿಂತ ಹೆಚ್ಚಿಗೆ ಕೇಳುವ ಹಕ್ಕು ಹರಗೋಲು ಬೋರಲು ಬೀಳುವವರೆಗೂ ಅವನಿಗಿರಲಿಲ್ಲ. ಇವತ್ತು ಮಳೆ ನಿಂತು ಹೊರಗೆ ಬಂದು ಕಂಡವನೇ ಸೊಸೆ ನರ್ಗೀಸಳಿಗೆ ಒಲೆ ಹೊತ್ತಿಸು ಎಂದ. ದೊಡ್ಡ ಪಾತ್ರೆಯಲ್ಲಿ ಅನ್ನ, ಇನ್ನೊಂದರಲ್ಲಿ ಬೇಳೆ ಸಾರು. ಹಳೆಯ ಕಾಲವಾಗಿದ್ದರೆ ಅಡುಗೆ ಹರಗೋಲಿನಲ್ಲಿ ದಾಟಿ ಬರುತ್ತಿತ್ತು. ಈಗ ಸೇತುವೆ ಸುತ್ತಿ, ಮಾವ ಸೊಸೆಯರ ಜೊತೆ ಬಾಡಿಗೆಯ ಟಂಟಂನಲ್ಲಿ ಬಂತು. ಅದರ ಹಿಂದೆ ಇನ್ನೂ ಕೆಲವರು ಮೋಟರ್ ಸೈಕಲ್ಲಿನಲ್ಲಿ ಬಂದರು. ಸುದ್ದಿ ಮುಟ್ಟಿ ಧರ್ಮರಾಜ, ಅವನ ಹೆಂಡತಿ, ನೇತ್ರಾ ಓಡಿ ಬಂದರು. ಧರ್ಮರಾಜ ಅತ್ತಿಗೆಗೆ ಕೈ ಮುಗಿದು ನಿಂತ. ಅವನ ಮುಖದಲ್ಲಿ ದುಃಖ ಇತ್ತು, ಒಂದು ಭಾರ ಇಳಿದ ಸಮಾಧಾನವೂ ಇತ್ತು, ಆ ಸಮಾಧಾನಕ್ಕೆ ನಾಚಿಕೆಯೂ ಇತ್ತು.

ದುರಗವ್ವ ಹರಗೋಲಿನಿಂದ ಕೈ ತೆಗೆದಳು. ರಾಜಮಹ್ಮದನ ಹತ್ತಿರ ಹೋಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಇದು ನಾ ಮಾಡಿದ್ದಲ್ಲಣ್ಣಾ. ಹುಡುಗಿಗೆ ತಿಳೀಲಿಲ್ಲ. ನೀರ ಚೆಲ್ಲಾಕ ಹೋಗಿ ಹಾಕ್ಯಾಳ. ನಾ ಆಕಿಗೆ ಹೇಳಿದ್ದಿಲ್ಲ."

ಧರ್ಮರಾಜನ ಕೈ ಕೆಳಗೆ ಬಿದ್ದವು. ಸಿದ್ದವ್ವ ವಿದ್ಯಾಳನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳುತ್ತಿದ್ದಳು. ಹುಡುಗಿಯ ಮುಖದ ಬಣ್ಣ ಇಳಿಯುವುದು ಎಲ್ಲರಿಗೂ ಕಂಡಿತು. ತಾಯಿಗೆ ಉಪಕಾರ ಮಾಡಲು ಹೋಗಿ ಅಪ್ಪನನ್ನು ಸಾಯಿಸಿ ಬಂದೆ ಎಂದು ಅವಳಿಗೆ ಅನಿಸಿರಬೇಕು, ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತಳು. ನೇತ್ರಾ ಹೋಗಿ ಅವಳ ಕೈ ಹಿಡಿದಳು.

ರಾಜಮಹ್ಮದ ತಲೆಯ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. ಹರಗೋಲಿನ ಕಡೆ ನೋಡಿದ, ನೀರಿನ ಕಡೆ ನೋಡಿದ.

"ನಿನ್ನ ಕೈಲೆ ಆಗಿಲ್ಲಂದ್ರ ಆಗಿಲ್ಲ ತಂಗೀ. ಎತ್ತಿ ಇಡು. ನಾ ಏನೂ ನೋಡಿಲ್ಲ ಅಂತೇನಿ, ಅಡಗಿ ನಮ್ಮ ಮನಿ ಮಂದಿ ಉಣ್ತಾರ. ಮತ್ತ ನಿನಗ ಯಾವಾಗ ಆಗ್ತೈತಿ, ಅವಾಗ ಬರ್ತೇನಿ."

ಈಗ ಎಲ್ಲ ದುರಗವ್ವನ ಮೇಲೆ ಬಂತು. ಧರ್ಮರಾಜ ನೆಲ ನೋಡುತ್ತ ನಿಂತಿದ್ದ, ತನ್ನ ಬಾಯಿಂದ ಒಂದು ಮಾತು ಬಂದರೂ ಅದು ಮಗಳ ಮದುವೆಯ ಮಾತಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಎತ್ತಿ ಇಟ್ಟರೆ ನಾಳೆಯಿಂದ ಮತ್ತೆ ಬೋಗುಣಿ, ಮತ್ತೆ ನೋಡೋಣ. ಬಿಟ್ಟರೆ ಇಷ್ಟೂ ಮಂದಿಯ ಎದುರು ನಿಂತು ಕೂಗಬೇಕು, ಒಣಗಿದ ಕಣ್ಣು ತೋರಿಸಬೇಕು. ದುರಗವ್ವ ಒಳಗೆ ಹುಡುಕಿಕೊಂಡಳು. ಎರಡರಲ್ಲಿ ಯಾವುದಕ್ಕೂ ಒಳಗಿನಿಂದ ಹೂಂ ಎನ್ನುವ ದನಿ ಬರಲಿಲ್ಲ.

ಆಗ ರಾಜಮಹ್ಮದನ ಕೈ ಕಂಡಿತು. ಟೊಪ್ಪಿಗೆ ಹಿಡಿದ ಬೆರಳು ನಡುಗುತ್ತಿದ್ದವು. ಮುದುಕ ಸಕ್ಕರೆ ಕಾಯಿಲೆಯವನು ಎನ್ನುವುದು ನೆನಪಾಗಿ, ಉಂಡೀಯೇನಣ್ಣಾ ಎಂದು ಕೇಳಿದಳು. ಅವನು ಹೊಳೆಯ ಕಡೆ ಮುಖ ತಿರುಗಿಸಿದ. ಹೇಳಿದವಳು ನರ್ಗೀಸ. ಸತ್ತವರ ಮನೆಯವರು ಉಣ್ಣುವ ತನಕ ಒಲೆ ಹೊತ್ತಿಸಿದವರು ಉಣ್ಣುವ ಹಾಗಿಲ್ಲವಂತೆ, ಬೆಳಿಗ್ಗೆ ಒಂದು ರೊಟ್ಟಿ ತಿಂದದ್ದೇ ಕೊನೆಯಂತೆ, ಮಧ್ಯಾಹ್ನದ ಗುಳಿಗೆ ಸಹ ನುಂಗಿಲ್ಲವಂತೆ. ಪಾತ್ರೆ ವಾಪಸ್ ಒಯ್ದರೂ ಇವತ್ತು ಅವನು ಮುಟ್ಟುವುದಿಲ್ಲ ಎಂದು ಸಿಡುಕಿನಲ್ಲೇ ಹೇಳಿದಳು. ಆ ಸಿಡುಕಿನಲ್ಲಿ ಪ್ರೀತಿ ಇತ್ತು.

"ಹಂಗಾದ್ರ ಉಣ್ಣೂಣು," ಎಂದಳು ದುರಗವ್ವ. "ತಡೀ, ಕರದು ಬರ್ತೇನಿ."

ಒಬ್ಬ ಮುದುಕನ ಹೊಟ್ಟೆ ಹಸಿದಿದೆ ಎಂದು ಗಂಡನ ಸಾವನ್ನು ಒಪ್ಪಿಕೊಂಡವಳು ಅವಳೊಬ್ಬಳೇ ಇರಬೇಕು. ಆದರೆ ಆ ಹೊತ್ತಿಗೆ ಅವಳ ಕೈಗೆ ಸಿಕ್ಕ ಕಾರಣ ಅದೊಂದೇ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿನ ಅಂಚಿಗೆ ನಡೆದಳು. ಹೊಳೆ ಕೆಂಪಗೆ ನಿಧಾನವಾಗಿ ಹೋಗುತ್ತಿತ್ತು. ರಾಜಮಹ್ಮದ ಬಂದು ಪಕ್ಕದಲ್ಲಿ ನಿಂತ. ಹಿಂದೆ ಹೆಂಗಸರು ಆಗಲೇ ಅಳುವುದಕ್ಕೆ ಶುರು ಮಾಡಿದ್ದರು.

ಕರೆಯುವುದೆಂದರೆ ಹೆಸರು ಹಿಡಿದು ಕರೆಯಬೇಕು. ಆ ಸೀಮೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ದುರಗವ್ವ ಮದುವೆಯಾದಾಗಿನಿಂದ ಅವನನ್ನು ಇವರು ಅಂದಿದ್ದಳು, ಮಗಳು ಹುಟ್ಟಿದ ಮೇಲೆ ವಿದ್ಯಾನ ಅಪ್ಪ ಅಂದಿದ್ದಳು. ಪೊಲೀಸರು ಕೇಳಿದಾಗಲೂ ಹೆಸರು ಹೇಳಿದವನು ಧರ್ಮರಾಜ. ಅಂಬಿಗರ ಹೆಂಗಸಿನ ಬಾಯಲ್ಲಿ ಗಂಡನ ಹೆಸರು ಬರುವುದು ಇಡೀ ಜನ್ಮದಲ್ಲಿ ಇದೊಂದೇ ಸಲ, ಕೇಳುವುದಕ್ಕೆ ಅವನಿಲ್ಲದಾಗ. ಅವಳು ಎರಡೂ ಕೈ ಬಾಯಿಗೆ ಹಿಡಿದಳು.

"ಚಂದಪ್ಪಾ, ಓ... ಹರಗೋಲ ತಾ."

ದನಿ ಅವಳು ಎಣಿಸಿದ್ದಕ್ಕಿಂತ ದೊಡ್ಡದಾಗಿತ್ತು. ಆಚೆಯ ದಂಡೆಗೆ ಮುಟ್ಟಿತು, ಅಲ್ಲಿ ನಿಂತವರು ತಲೆ ಎತ್ತಿದ್ದು ಕಂಡಿತು. ಇನ್ನು ಉತ್ತರ ಕೊಡಬೇಕಾದವನು ರಾಜಮಹ್ಮದ. ತನ್ನ ಅಪ್ಪ ಕೊಟ್ಟಿದ್ದನ್ನು ಅವನು ಕೇಳಿದ್ದ, ಚಂದಪ್ಪನ ಅಪ್ಪ ಹೋದಾಗ ತಾನೇ ಕೊಟ್ಟಿದ್ದ. ಒಂದೇ ಮಾತು. ಅವನು ಬಾಯಿ ತೆರೆದ. ಗಂಟಲಿನಿಂದ ಏನೋ ಒಂದು ಸದ್ದು ಬಂತು, ಮಾತು ಬರಲಿಲ್ಲ. ಮತ್ತೊಮ್ಮೆ ತೆರೆದ. ಆಮೇಲೆ ಟೊಪ್ಪಿಗೆಯನ್ನು ಮುಖಕ್ಕೆ ಒತ್ತಿಕೊಂಡು ಚಿಕ್ಕ ಹುಡುಗರ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಕೂಗಿಗೆ ಉತ್ತರ ಬರದೆ ಇದ್ದರೆ ಕೆಲಸ ನಿಂತೇ ಹೋಗುತ್ತದೆ, ಹಾಗೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ದುರಗವ್ವ ಮುದುಕನ ತೋಳು ಹಿಡಿದಳು.

"ಬರಂಗಿಲ್ಲಣ್ಣಾ," ಎಂದಳು. "ಅವರು ಬರಂಗಿಲ್ಲ. ನಾನ ಹೇಳ್ತೇನಿ, ನೀ ಅಳಬ್ಯಾಡ. ಇನ್ನ ಅವರು ಬರಂಗಿಲ್ಲ."

ಹೇಳಿದವಳ ಕಣ್ಣು ಒಣಗಿಯೇ ಇತ್ತು. ಆದರೆ ಅದನ್ನು ನೋಡಿದವರು ಯಾರೂ ಇರಲಿಲ್ಲ. ಕೆಲವರ ಕಣ್ಣು ರಾಜಮಹ್ಮದನ ಮೇಲಿತ್ತು, ಮಿಕ್ಕವರು ತಮ್ಮ ತಮ್ಮ ಅಳುವಿನಲ್ಲಿದ್ದರು. ಇಷ್ಟು ದಿನ ತಾನು ಯಾವುದಕ್ಕೆ ಹೆದರಿದ್ದೆನೋ ಅದನ್ನು ನೋಡುವುದಕ್ಕೆ ಯಾರಿಗೂ ಪುರುಸೊತ್ತೇ ಇರಲಿಲ್ಲ ಎಂದು ಅವಳಿಗೆ ತಿಳಿಯಿತು.

ಹಿರಿಯರು ತಮ್ಮಲ್ಲೇ ಮಾತಾಡಿಕೊಂಡು, ಉತ್ತರ ಯಾರ ಬಾಯಿಂದ ಬಂದರೂ ಉತ್ತರವೇ, ಆಯಿತು ಎಂದರು. ನರ್ಗೀಸ ಪಾತ್ರೆಗಳ ಮುಚ್ಚಳ ತೆಗೆದಳು. ದುರಗವ್ವ ರಾಜಮಹ್ಮದನನ್ನು ಕರೆತಂದು ಜಾಲಿಯ ನೆರಳಿಗೆ ಕೂರಿಸಿ, ಅನ್ನ ನೀಡಿ, ಮೊದಲಿನ ತುತ್ತು ತಾನು ಉಂಡು, ಇನ್ನು ಉಣ್ಣು ಎಂದಳು. ಅವನು ಉಂಡ. ವಿದ್ಯಾ ಬಂದು ತಾಯಿಯ ಮಗ್ಗುಲಿಗೆ ನಿಂತಳು. ದುರಗವ್ವ ಅವಳ ಕೈಗೂ ಒಂದು ತಾಟು ಕೊಟ್ಟಳು. ಧರ್ಮರಾಜ ನೀರಿನ ಕೊಡ ಹೊತ್ತು ತಂದ. ಎಲ್ಲರೂ ಸಾಲಾಗಿ ಕೂತು ಉಣ್ಣತೊಡಗಿದರು. ಅಳು ತಗ್ಗಿ, ಬೇಳೆಗೆ ಉಪ್ಪು ಸಾಕೋ ಬೇಕೋ ಎನ್ನುವ ಮಾತಿಗೆ ಬಂದಿತ್ತು.

ದುರಗವ್ವ ಕೈ ತೊಳೆಯಲು ನೀರಿಗೆ ಇಳಿದಳು. ಕೈ ತೊಳೆದಳು, ಏಳಲಿಲ್ಲ. ಆಗ ಕೂಗಿದ ಹೆಸರು ಇನ್ನೂ ಬಾಯಲ್ಲೇ ಇತ್ತು. ಎಷ್ಟು ಚಿಕ್ಕ ಹೆಸರು, ಓಣಿಯಲ್ಲಿ ಸಣ್ಣ ಸಣ್ಣ ಹುಡುಗರೆಲ್ಲ ಕರೆದು ಓಡುತ್ತಿದ್ದರು. ಅವಳೊಬ್ಬಳು ಕರೆದಿರಲಿಲ್ಲ. ಒಂದು ಸಲವಾದರೂ, ಅಡುಗೆಮನೆಯಲ್ಲಿ, ಯಾರಿಗೂ ಕೇಳದ ಹಾಗೆ ಕರೆದಿದ್ದರೆ ಅವನು ತಿರುಗಿ ನೋಡುತ್ತಿದ್ದ.

ಎರಡನೆಯ ಸಲ ಕರೆಯುವುದು ಕಟ್ಟಳೆಯಲ್ಲಿ ಇಲ್ಲ.

"ಚಂದಪ್ಪಾ," ಎಂದಳು. ಕೂಗಲಿಲ್ಲ, ಒಲೆಯ ಮುಂದೆ ಕೂತವನನ್ನು ರೊಟ್ಟಿಗೆ ಕರೆದ ಹಾಗೆ ಕರೆದಳು. ದಂಡೆಯ ಮೇಲೆ ಉಣ್ಣುತ್ತಿದ್ದವರ ಕೈ ನಿಂತವು. ಎದೆಯ ನಡುವೆ, ಎಷ್ಟೋ ದಿನದಿಂದ ಏನೂ ಇಲ್ಲದ ಜಾಗದಲ್ಲಿ, ಅವಳಿಗೆ ನೋಯತೊಡಗಿತು.